ಹುಳಿ ಧೋತರಕ್ಕೆ ಬಂದ ಪತಂಗಗಳು

ನಿವೃತ್ತನಾದ ಗಂಡಸು ಮನೆಯಲ್ಲಿ ಕೂತರೆ ಏನೇನಾಗುತ್ತದೆ ಎಂದು ನನ್ನ ಗೆಳತಿಯರು ಮೊದಲೇ ಎಚ್ಚರಿಸಿದ್ದರು. ಒಬ್ಬಳ ಗಂಡ ಅಡುಗೆಮನೆಗೆ ಬಂದು, ಒಗ್ಗರಣೆಗೆ ಸಾಸಿವೆ ಎಷ್ಟು ಹಾಕಬೇಕೆಂದು ಹೇಳಿಕೊಡತೊಡಗಿದ್ದರಂತೆ. ಇನ್ನೊಬ್ಬಳ ಗಂಡ ಊರಿನ ಮದುವೆಗಳಿಗೆಲ್ಲ ಹೋಗುತ್ತಿದ್ದರಂತೆ, ಕರೆಯದವರ ಮದುವೆಗೂ. ನನ್ನವರು ಏನು ಮಾಡಬಹುದು ಎಂದು ನಾನು ಬಹಳ ಯೋಚಿಸಿದ್ದೆ. ಹುಳಗಳಿಗೆ ಬೀಗರಾಗುತ್ತಾರೆ ಎಂದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

ನನ್ನವರು ಚಿತ್ರಕಲೆಯ ಮಾಸ್ತರು. ರಾಮದುರ್ಗ, ಸವದತ್ತಿ, ಕಿತ್ತೂರು ಎಂದು ವರ್ಗವಾಗುತ್ತ ಆಗುತ್ತ, ಎಲ್ಲ ಕಡೆಯ ಮಕ್ಕಳಿಗೂ ಅದೇ ಮಾವಿನಕಾಯಿ, ಅದೇ ತಂಬಿಗೆ, ಅದೇ ಎರಡು ಗುಡ್ಡಗಳ ನಡುವಿನ ಸೂರ್ಯನನ್ನು ತೆಗೆಯಲು ಕಲಿಸಿ, ಕೊನೆಗೆ ಬೈಲಹೊಂಗಲದ ನಮ್ಮ ಮನೆಗೆ ಬಂದು ಕೂತವರು. ನಾನು ಇಲ್ಲೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ನೌಕರಿ ಇನ್ನೂ ಉಳಿದಿದೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಸಂಗೊಳ್ಳಿ ದಾರಿಯಲ್ಲಿ ಒಂದಿಷ್ಟು ಎರೆಹೊಲ ಇದೆ. ಅದನ್ನು ಮಾಡುವವನು ನನ್ನ ಮೈದುನ. ಅವನ ಮನೆ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಇದೆ, ಆದ್ದರಿಂದ ನಮ್ಮ ಮನೆಯ ಜಗಳಗಳೆಲ್ಲ ಅವನಿಗೆ ಪುಕ್ಕಟೆ.

ಶುರುವಾದದ್ದು ಒಂದು ಮಳೆಗಾಲದ ಸಂಜೆ. ತಾಟು ಹಾಕಿ ಊಟಕ್ಕೆ ಕರೆದೆ, ಬರಲಿಲ್ಲ. ಮತ್ತೆ ಕರೆದೆ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲಿನ ಬಲ್ಬಿನ ಕೆಳಗೆ ಗೋಡೆಗೆ ಮೂಗು ಹಚ್ಚಿ ನಿಂತಿದ್ದಾರೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಪತಂಗ. ಹಸಿರಿನೊಳಗೆ ಇನ್ನೊಂದು ಹಸಿರು, ನಡುನಡುವೆ ನಸುಗುಲಾಬಿ ಗೆರೆ.

“ನೋಡಲೇ ಇಲ್ಲಿ. ಇಷ್ಟ ವರ್ಷ ಹುಡುಗೂರಿಗೆ ಹಸರ ಬಣ್ಣ ಕಲಸೂದು ಹೇಳಿಕೊಟ್ಟೆ. ಈ ಹಸರ ನನಗ ಒಂದ ಸಲಾನೂ ಬರಲಿಲ್ಲ” ಎಂದರು.

“ರೊಟ್ಟಿ ಆರಾಕತ್ತಾವು. ಅವು ಯಾವ ಬಣ್ಣಕ್ಕ ಬಂದಾವು, ಅದನ್ನಷ್ಟ ಒಳಗ ಬಂದು ನೋಡ್ರಿ” ಎಂದೆ.

ಆ ಪತಂಗದ ಫೋಟೋ ತೆಗೆದು ಯಾರಿಗೋ ಕಳಿಸಿದರು. ಅವರು ಇನ್ನಾರಿಗೋ ಕಳಿಸಿದರು. ಹಾಗೆ ನನ್ನವರು ಫೋನಿನೊಳಗಿನ ಒಂದು ಪತಂಗದವರ ಗುಂಪಿಗೆ ಸೇರಿಕೊಂಡರು. ಹಸಿರು ಅತಿಥಿ ಕಣಗಿಲ ಗಿಡದ ಎಲೆ ತಿಂದು ಬೆಳೆಯುವವನು ಎಂದು ಅಲ್ಲಿಂದ ತಿಳಿಯಿತು. ನಮ್ಮ ಹಿತ್ತಲಿನ ಕಣಗಿಲವನ್ನು ಬೋಳು ಮಾಡಿದ್ದಕ್ಕೆ ನಾನು ಓಣಿಯ ಆಡುಗಳನ್ನೆಲ್ಲ ಹೆಸರು ಹಿಡಿದು ಬೈದಿದ್ದೆ. “ಆಡು ಕಣಗಿಲ ತಿನ್ನೂದಿಲ್ಲ, ತಿಂದ್ರ ಉಳಿಯೂದಿಲ್ಲ. ಇಷ್ಟು ಗೊತ್ತಿಲ್ಲದ ಟೀಚರ ನೀ” ಎಂದು ನನ್ನವರು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಆಡುಗಳ ಮೇಲೇ ಎಂದು ಇಟ್ಟುಕೊಳ್ಳಿ.

ಗುಂಪಿನವರು ಹೇಳಿಕೊಟ್ಟ ವಿದ್ಯೆ ಬಹಳ ಸರಳವಾದದ್ದು. ಕತ್ತಲಲ್ಲಿ ಒಂದು ಬಿಳಿ ಅರಿವೆ ಕಟ್ಟಬೇಕು, ಅದರ ಮುಂದೆ ಒಂದು ಪ್ರಖರ ದೀಪ ಹಚ್ಚಬೇಕು, ಬಂದು ಕೂತವರ ರೆಕ್ಕೆಯ ಗುರುತು ನೋಡಿ ಹೆಸರು ಹಿಡಿಯಬೇಕು. ದೀಪಕ್ಕೇನೋ ಪೇಟೆಗೆ ಹೋದರು. ಬಿಳಿ ಅರಿವೆಗೆ ನನ್ನನ್ನು ಕೇಳಬೇಕಿತ್ತು. ಕೇಳಿದರೆ ಇಲ್ಲ ಎನ್ನುತ್ತಾಳೆ ಎಂಬ ಭಯಕ್ಕೆ ತಮ್ಮ ತಾಯಿಯ ಟ್ರಂಕಿಗೇ ಕೈ ಹಾಕಿದರು. ಅಲ್ಲಿತ್ತು ನಮ್ಮ ಮಾವನವರ ಧೋತರ.

ಈ ಧೋತರದ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂಗಾರಿಯಲ್ಲಿ ಕಡಲೆ ಹೂವಿಗೆ ಬಂದಾಗ ಅದರ ಎಲೆಗಳ ಮೇಲೆ ಹುಳಿ ಕೂರುತ್ತದೆ. ಚಳಿಯ ದಿನ ಬೆಳಗು ಹರಿಯುವ ಹೊತ್ತಿಗೆ ಹೊಲಕ್ಕೆ ಹೋಗಿ, ಗಿಡಗಳ ಮೇಲೆ ತೆಳುವಾದ ನೂಲಿನ ಅರಿವೆ ಎಳೆದರೆ ಇಬ್ಬನಿಯ ಜೊತೆ ಆ ಹುಳಿಯೂ ಅರಿವೆಗೆ ಇಳಿಯುತ್ತದೆ. ಅದನ್ನು ಭರಣಿಗೆ ಹಿಂಡಿ, ಬಿಸಿಲಿಗಿಟ್ಟು, ಬಾಟಲಿಗೆ ತುಂಬುತ್ತಾರೆ. ಹೊಟ್ಟೆ ನೋವಿಗೆ, ಉಬ್ಬರಕ್ಕೆ, ಹೋಳಿಗೆ ಹೆಚ್ಚಾದ ಗಂಡಸರಿಗೆ ಒಂದು ಚಮಚ ನೀರಿನಲ್ಲಿ ಕಲಸಿ ಕೊಟ್ಟರೆ ಸಾಕು. ಓಣಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಬರುವುದು ಅತ್ತೆಯ ಬಾಟಲಿಗೆ, ಆಮೇಲೆ ದವಾಖಾನೆಗೆ. ಮಾವನವರು ತೀರಿಕೊಂಡ ಮೇಲೆ ಅವರ ಒಂದು ಧೋತರವನ್ನು ಅತ್ತೆ ಈ ಕೆಲಸಕ್ಕೆಂದೇ ತೆಗೆದಿಟ್ಟಿದ್ದರು. ಹುಳಿ ಕುಡಿದು ಕುಡಿದು ಅದರ ಬಿಳುಪು ಸ್ವಲ್ಪ ಕೆನೆಗೆ ತಿರುಗಿತ್ತು. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ. ನಾನಂತೂ ಈ ಮನೆಗೆ ಬಂದಾಗಿನಿಂದ ಆ ಟ್ರಂಕಿನ ಮೇಲೆ ಕೂತವಳೂ ಅಲ್ಲ.

ಅಂಥದ್ದನ್ನು ಮಾಳಿಗೆಯ ಮೇಲೆ ಎರಡು ಬಿದಿರಿಗೆ ಕಟ್ಟಿ ದೀಪ ಹಚ್ಚಿಬಿಟ್ಟರು. ಹುಳಗಳು ಬಂದವು ನೋಡಿ! ಸಣ್ಣವು, ದೊಡ್ಡವು, ಎಳ್ಳಿನಷ್ಟು, ಬೆರಳಿನಷ್ಟು. ಒಂದು ದಪ್ಪನೆಯದರ ಬೆನ್ನ ಮೇಲೆ ಬುರುಡೆಯ ಮೋರೆಯಂಥ ಗುರುತಿತ್ತು. ಇವರು ಅದನ್ನು ಮೆಲ್ಲಗೆ ಬೆರಳಿನಿಂದ ಮುಟ್ಟಿದರು. ಅದು ಇಲಿಯ ಹಾಗೆ ಚೀಂವ್ ಎಂದು ಕೂಗಿತು. ಇವರೂ ಕೂಗಿದರು. ಯಾರದು ದೊಡ್ಡ ದನಿ ಎಂದು ನಾನು ಹೇಳುವುದಿಲ್ಲ. ಕೆಳಗೆ ಮಲಗಿದ್ದ ಅತ್ತೆ ಮೆಟ್ಟಿಲು ಹಿಡಿದುಕೊಂಡು ಮೇಲೆ ಬಂದರು. ಬಂದವರು ಕಂಡದ್ದು, ತೀರಿಹೋದ ಗಂಡನ ಧೋತರ ಕತ್ತಲಲ್ಲಿ ಬೆಳ್ಳಗೆ ಹೊಳೆಯುತ್ತ ನಿಂತಿರುವುದು, ಅದರ ತುಂಬ ಹುಳ.

“ಇದನ್ಯಾರು ತಗದ್ರೋ?” ಎಂದರು ಅತ್ತೆ.

“ಅದು ಇಲ್ಲಿಗೆ ಹೇಗೆ ಬಂದಿತೆಂಬುದು ನನಗೆ ತಿಳಿದಿಲ್ಲ” ಎಂದರು ನನ್ನವರು.

ಈ ಮನುಷ್ಯನ ಒಂದು ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಖರೆ ಹೇಳುವಾಗ ನಮ್ಮೆಲ್ಲರ ಹಾಗೆ ಮಾತಾಡುತ್ತಾರೆ. ಸುಳ್ಳು ಹೇಳುವಾಗ ಮಾತ್ರ ಪಠ್ಯಪುಸ್ತಕ ಬಾಯಿಗೆ ಬಂದು ಕೂರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಬದನೆಕಾಯಿ ಎಣಗಾಯಿಗೆ “ಬಹಳ ಸ್ವಾದಿಷ್ಟವಾಗಿದೆ” ಎಂದಿದ್ದರು. ಅವತ್ತೇ ನನಗೆ ತಿಳಿದುಹೋಗಿತ್ತು.

ಅತ್ತೆ ಬಿಡುತ್ತಾರೆಯೇ? “ನಿಮ್ಮಪ್ಪ ಇದನ್ನ ಉಟ್ಟು ಮುರಗೋಡ ಮಠಕ್ಕ ಹೋಗತಿದ್ದ. ಇದರ ಮ್ಯಾಲ ಹುಳಾ ಕುಂಡ್ರಸ್ತಿಯೇನೋ ಖೋಡಿ?”

“ಬೇ ಯವ್ವಾ, ಅಪ್ಪಗ ಮನಿಗೆ ಮಂದಿ ಬಂದ್ರ ಭಾಳ ಸೇರ್ತಿತ್ತಲ್ಲಾ. ಬಂದಾರ ತಗೋ” ಎಂದರು ಮಗ. ಈ ಮಾತು ಊರಿನ ಭಾಷೆಯಲ್ಲೇ ಇತ್ತು, ಖರೆಯೂ ಇತ್ತು. ಆದರೆ ಅವತ್ತಿನ ಮಟ್ಟಿಗೆ ಅದಕ್ಕೆ ಪುರಸ್ಕಾರ ಸಿಗಲಿಲ್ಲ. ಧೋತರ ಬಿಚ್ಚಿಸಿ, ರಾತ್ರಿಯೇ ನೀರಿಗೆ ಹಾಕಿಸಿ, ಮರುದಿನ ಅತ್ತೆ ಕೈಯಾರೆ ಒಗೆದರು. ಯಾವುದೋ ಹುಳ ಬಿಟ್ಟುಹೋದ ಕಂದುಬಣ್ಣದ ಒಂದು ಕಲೆ ಮಾತ್ರ ಹೋಗಲಿಲ್ಲ. ಮನೆಗೆ ಬಂದವರಿಗೆಲ್ಲ ಅದನ್ನು ಬಿಚ್ಚಿ ತೋರಿಸಿ, “ನನ್ನ ಮಗಾ ಕೊಟ್ಟ ಮೆಡಲ್ ನೋಡ್ರಿ” ಎನ್ನುತ್ತಿದ್ದರು.

ಅಲ್ಲಿಂದ ಮುಂದೆ ನನ್ನ ಚಾದರಗಳಿಗೆ ಗ್ರಹಚಾರ ವಕ್ಕರಿಸಿತು. ಮಾಳಿಗೆಯ ಮೇಲೆ ಬಿಳಿ ಪರದೆ ಎದ್ದಿದ್ದನ್ನು ನೋಡಿ ಓಣಿಯ ಹುಡುಗರು ಸಿನೆಮಾ ತೋರಿಸುತ್ತಾರೆಂದು ಚುರಮುರಿ ಕಟ್ಟಿಕೊಂಡು ಬಂದರು. ಅಮಾವಾಸ್ಯೆಯ ಕತ್ತಲಲ್ಲಿ ಹುಳ ಹೆಚ್ಚು ಬರುತ್ತವೆ ಎಂದು ಇವರು ಅವತ್ತೇ ತಪ್ಪದೆ ದೀಪ ಹಚ್ಚುತ್ತಿದ್ದರು. ಒಂದು ದಿನ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕಿವಿಯ ಹತ್ತಿರ ಬಾಯಿ ತಂದು, “ಟೀಚರ, ಅಮಾಸಿ ಅಮಾಸಿಗೆ ನಿಮ್ಮ ಮನಿ ಮ್ಯಾಲ ಏನರ ಮಾಡಸ್ತೀರೇನ್ರಿ?” ಎಂದು ಕೇಳಿದಳು.

“ಹೌಂದ್ರಿ, ನಮ್ಮ ಮನಿಯವ್ರಿಗೆ ಬುದ್ಧಿ ಬರಲಿ ಅಂತ ಮಾಡಸ್ತೇವಿ. ಇನ್ನೂ ಗುಣಾ ಹತ್ತಿಲ್ಲ” ಎಂದೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಇವರು ಉಂಡು ಮಲಗದೆ ಮಾಳಿಗೆ ಹತ್ತುವುದರಿಂದ ನಮ್ಮ ಜಗಳಕ್ಕೆ ಮುಗಿಯುವ ವೇಳೆಯೇ ಇರಲಿಲ್ಲ. ಬ್ಯಾಟರಿ ಹಿಡಿ ಎಂದು ನನ್ನನ್ನೂ ಮೇಲಕ್ಕೆ ಕರೆಯುತ್ತಿದ್ದರು. ಬೈಯಲಿಕ್ಕಾದರೂ ಹತ್ತಿರ ಇರಬೇಕಲ್ಲ ಎಂದು ಹೋಗುತ್ತಿದ್ದೆ. ಗುಂಪಿನವರು ಹೆಸರು ಹೇಳುವವರೆಗೆ ಇವರೇ ಒಂದೊಂದಕ್ಕೆ ಹೆಸರಿಡುತ್ತಿದ್ದರು. ಒಂದು ಜೋಳದ ಹಿಟ್ಟು. ಒಂದು ಇಳಕಲ್ ದಡಿ. ರೆಕ್ಕೆ ಮಡಿಸದೆ ಅಂಗಿ ತೂಗುಹಾಕುವ ಹ್ಯಾಂಗರಿನಂತೆ ಕೂರುವ ಕಡ್ಡಿಯಂಥದ್ದು ಒಂದಿತ್ತು, ಅದಕ್ಕೆ ಹೆಡ್‌ಮಾಸ್ತರ ಎಂದರು. ದಪ್ಪಗೆ, ಕೂದಲಾಗಿ, ದೀಪಕ್ಕೆ ಡಿಕ್ಕಿ ಹೊಡೆದು ಬಿದ್ದು ಮತ್ತೆ ಎದ್ದು ಡಿಕ್ಕಿ ಹೊಡೆಯುವ ಒಂದಕ್ಕೆ ನನ್ನ ಅಣ್ಣನ ಹೆಸರು. ಆಮೇಲೆ ಗುಂಪಿನಿಂದ ಅದರ ಲ್ಯಾಟಿನ್ ಹೆಸರು ಬಂದಾಗ ಎದ್ದು ನಿಂತು ಗಟ್ಟಿಯಾಗಿ ಓದಿದರು. ಕೆಳಗಿನಿಂದ ಅತ್ತೆ, “ಯಾವ ದೇವರ ಮಂತ್ರ ಅದು? ನಡುರಾತ್ರ್ಯಾಗ ಯಾಕ ಎಬ್ಬಸಾಕತ್ತೀದಿ ಅದನ್ನ?” ಎಂದು ಕೂಗಿದರು.

ಬೈಯುತ್ತ ಬೈಯುತ್ತ ನನಗೂ ಗುರುತು ಹತ್ತತೊಡಗಿತ್ತು. ಒಲ್ಲೆನೆಂದರೂ ಕಣ್ಣಿಗೆ ಕಂಡದ್ದು ಮರೆಯುವುದಿಲ್ಲ. ಮೊದಲು ಎಲ್ಲವೂ ಮಣ್ಣುಬಣ್ಣದ ಹುಳಗಳೇ. ಆಮೇಲೆ ನೋಡಿದರೆ ಒಂದರ ರೆಕ್ಕೆಯಲ್ಲಿ ಜಾಳಿಗೆಯಂಥ ಬಿಳಿ ಗೆರೆ, ಇನ್ನೊಂದರಲ್ಲಿ ಗೋಡಂಬಿಯ ಆಕಾರದ ಕಪ್ಪು ಚುಕ್ಕೆ. ಈ ಗೋಡಂಬಿಯದನ್ನು ಇವರು ನನಗೆ ಒತ್ತಿ ಒತ್ತಿ ತೋರಿಸಿದ್ದರು. “ಮ್ಯಾಲಿನ ರೆಕ್ಕಿ ಒಣಾ ಹುಲ್ಲಿನ ಬಣ್ಣ. ನಡುವ ಗೋಡಂಬಿ ಚುಕ್ಕಿ. ಕೆಳಗಿನ ರೆಕ್ಕಿ ಬೆಳ್ಳಗ, ಅದಕ್ಕ ಅಗಲಾನ ಕರೀ ದಡಿ. ಇಕೀನ ಕಡಲಿ ಕಾಯಿ ಕೊರಿಯೋ ಕೀಡಿ ತಾಯಿ. ಮರೀಬ್ಯಾಡ” ಎಂದಿದ್ದರು. ನಾನು ಯಾಕೆ ಮರೆಯಲಿ, ಹೊಲ ನಮ್ಮದೂ ಅಲ್ಲವೇ?

ಗೊಂಜಾಳದ, ಅಂದರೆ ಮೆಕ್ಕೆಜೋಳದ, ಕಾಲದಲ್ಲಿ ನನ್ನವರಿಗೆ ಒಂದು ದೊಡ್ಡ ಗೆಲುವೂ ಸಿಕ್ಕಿತ್ತು. ಚಾದರದ ಮೇಲೆ ಬಂದ ಒಂದು ಪತಂಗವನ್ನು ನೋಡಿ, ಗೊಂಜಾಳದ ಸುಳಿ ತಿನ್ನುವ ಹುಳದ ತಾಯಿ ಇದು ಎಂದು ತಮ್ಮನಿಗೆ ಹೇಳಿದ್ದರು. ತಮ್ಮ ಎಲ್ಲರಿಗಿಂತ ಮೊದಲು ಔಷಧ ಹೊಡೆದ, ಬೆಳೆ ಉಳಿಯಿತು. ಹೀಗೆ ಔಷಧ ಹೊಡೆಯುವುದಕ್ಕೆ ನಮ್ಮ ಕಡೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಅಲ್ಲಿಂದ ಮೈದುನನಿಗೆ ಹುಳದ ವಿಷಯದಲ್ಲಿ ಅಣ್ಣ ಹೇಳಿದ್ದೇ ಸರಕಾರಿ ಆದೇಶ. ಇವರೂ ಒಂದೆರಡು ದಿನ ಕೈ ಹಿಂದೆ ಕಟ್ಟಿಕೊಂಡು ಓಣಿಯಲ್ಲಿ ತಿರುಗಿದರು.

ಈಗ ಕಡಲೆಯ ಮಾತಿಗೆ ಬರುತ್ತೇನೆ. ಈ ಪತಂಗಗಳ ಹುಚ್ಚು ಹತ್ತುವ ಹಿಂದಿನ ವರ್ಷ ಕೀಡಿ ಜಾಸ್ತಿಯಾಗಿ, ಹೂವು ಬರುವ ಮೊದಲೇ ಮೈದುನ ಹೊಲಕ್ಕೆ ಎಣ್ಣಿ ಹೊಡೆದಿದ್ದ. ಎಣ್ಣಿ ಮುಟ್ಟಿದ ಗಿಡದ ಹುಳಿಯನ್ನು ಅತ್ತೆ ತೆಗೆಯುವುದಿಲ್ಲ. ಅದು ವಿಷ, ಮಂದಿಯ ಹೊಟ್ಟೆಗೆ ಕೊಡುವುದು ಹೇಗೆ? ಬಾಟಲಿ ಬರಿದಾಯಿತು. ಬೇಸಿಗೆಯಲ್ಲಿ ಕೇಳಿ ಬಂದವರಿಗೆ ಇಲ್ಲ ಎನ್ನಲಾರದೆ ಅತ್ತೆ ಮುರಗೋಡದಲ್ಲಿರುವ ತಂಗಿಯ ಮನೆಗೆ ಹೋದರು, ಜೊತೆಗೆ ನಾನೂ ಹೋಗಿದ್ದೆ. ತಂಗಿ ಚಹಾ ಕೊಟ್ಟಳು, ಮಾತಾಡಿಸಿದಳು, ಒಂದು ಸಣ್ಣ ಟಾನಿಕ್ ಬಾಟಲಿಯಲ್ಲಿ ಹುಳಿ ಹಾಕಿಕೊಟ್ಟಳು. ಕೊಡುವಾಗ ಪಡಸಾಲೆಯಲ್ಲಿ ಕೂತಿದ್ದ ನಾಲ್ಕು ಜನರ ಮುಂದೆ, “ಅಷ್ಟು ಹೊಲಾ ಇದ್ದು ಹುಳಿಗೆ ಕೈ ಒಡ್ಡೂದು ಬಂತಲ್ಲಕ್ಕಾ ನಿನಗ” ಎಂದಳು.

ಆಕೆ ಕೆಟ್ಟವಳಲ್ಲ. ಅಕ್ಕತಂಗಿಯರಲ್ಲಿ ಚಿಕ್ಕಂದಿನಿಂದ ನಡೆದುಬಂದ ಚೇಷ್ಟೆ ಅದು. ಆದರೆ ಬಸ್ಸಿನಲ್ಲಿ ಅತ್ತೆ ಬೈಲಹೊಂಗಲದ ತನಕ ಆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದರು. ಮನೆಗೆ ಬಂದು ಆ ಬಾಟಲಿಯನ್ನು ಓಣಿಯವರಿಗೇ ಕೊಟ್ಟುಬಿಟ್ಟರು, ತಮಗೆಂದು ಒಂದು ಹನಿಯೂ ಇಟ್ಟುಕೊಳ್ಳಲಿಲ್ಲ. “ಸತ್ತರ ಸಾಯ್ತೇನಿ, ಇನ್ನೊಮ್ಮೆ ಆಕಿ ಮುಂದ ಬಾಟ್ಲಿ ಹಿಡಿಯಾಂಗಿಲ್ಲ” ಎಂದರು. ಎಂಬತ್ತು ದಾಟಿದ ಮುದುಕಿ, ತಂಗಿಯ ಒಂದು ಮಾತಿಗೆ ಹೀಗೆ ಮುದುಡುವುದನ್ನು ನೋಡಿ ನನಗೆ ನಗು ಬಂತು. ಸಂಕಟವೂ ಆಯಿತು.

ಹಾಗಾಗಿ ಈ ಸಲ ಕಡಲೆ ಹೂವಿಗೆ ಬರುವುದನ್ನೇ ಅತ್ತೆ ಕಾಯುತ್ತಿದ್ದರು. ಧೋತರ ಒಗೆದು ಮಡಿಚಿ ಇಟ್ಟಿದ್ದರು. ಭರಣಿಯನ್ನು ಬೂದಿ ಹಚ್ಚಿ ತಿಕ್ಕಿದ್ದರು. ಹೂವು ಬಂತು, ಅದರ ಬೆನ್ನಿಗೇ ಮೋಡ ಬಂತು. ಮಳೆಯೂ ಇಲ್ಲ, ಚಳಿಯೂ ಇಲ್ಲ, ಸುಮ್ಮನೆ ಮುಸುಕು. ಮೋಡ ಮುಸುಕಿದರೆ ಇಬ್ಬನಿ ಬೀಳುವುದಿಲ್ಲ, ಇಬ್ಬನಿ ಇಲ್ಲದೆ ಅರಿವೆಗೆ ಹುಳಿ ಇಳಿಯುವುದಿಲ್ಲ. ಮೇಲಾಗಿ ಇಂಥ ಮೋಡಕ್ಕೇ ಕೀಡಿ ಹೆಚ್ಚು ಎಂದು ರೈತರು ಅಂಜುತ್ತಾರೆ. ಮುಂದೆ ಎಳ್ಳಮವಾಸ್ಯೆ ಬೇರೆ ಇತ್ತು. ಅಮಾವಾಸ್ಯೆಗೆ ಹುಳ ತತ್ತಿ ಇಡುತ್ತವೆ, ಅಷ್ಟರೊಳಗೆ ಎಣ್ಣಿ ಹೊಡೆಯಲೇಬೇಕು ಎಂದು ಮೈದುನ ಡಬ್ಬಿ ತಂದಿಟ್ಟ. ಬೆಳೆಗಿಂತ ಹುಳಿ ದೊಡ್ಡದೆಂದು ಹೇಳುವಷ್ಟು ಹುಚ್ಚಿ ಅಲ್ಲ ಅತ್ತೆ. ಸಂಜೆ ಕಟ್ಟೆಯ ಮೇಲೆ ಕೂತು ಮುಗಿಲು ನೋಡುತ್ತಿದ್ದರು, ಅಷ್ಟೇ.

ನನ್ನವರು ಅದನ್ನು ನೋಡಿದರು. “ತಮ್ಮಾ, ಸುಮ್ಮ ಯಾಕ ಎಣ್ಣಿ ಹಾಳು ಮಾಡ್ತಿ? ಹೊಲದಾಗ ದೀಪಾ ಹಚ್ಚೂಣು. ಆ ಹುಳಾ ಬಂದ್ರ ಹೊಡಿ, ಬರಲಿಲ್ಲಂದ್ರ ಬಿಡು” ಎಂದರು. ತಮ್ಮ ಒಪ್ಪಿದ.

ಉಂಡು ಹೊಲಕ್ಕೆ ಹೋದೆವು. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಕಂಬಳಿ ಹೊದ್ದು ಬಂದಿದ್ದರು. ಮೋಟರ್ ಖೋಲಿಯ ಬಾಗಿಲಲ್ಲಿ ಹಾಕಿದ್ದ ಹೊರಸಿನ ಮೇಲೆ ಕೂತರು. ನನ್ನ ಚಾದರವನ್ನು ಬದುವಿನ ಜಾಲಿ ಗಿಡಕ್ಕೆ ಕಟ್ಟಿ ದೀಪ ಹಚ್ಚಿದರು. ಸ್ವಲ್ಪ ಹೊತ್ತಿಗೇ ದಿಬ್ಬಣ ಬಂದಿತು. ಚಾದರ ತುಂಬಿ, ದೀಪ ತುಂಬಿ, ನನ್ನವರ ಬೋಳುತಲೆಯ ಮೇಲೂ ಕೂತವು. ಮೈದುನ ಬಾಯಿ ತೆರೆದು ನೋಡುತ್ತಿದ್ದವನು ಹುಳ ಒಳಗೆ ಹೋದೀತೆಂದು ಮುಚ್ಚಿ, ಮತ್ತೆ ತೆರೆದು, “ಅಣ್ಣಾ, ನೀ ಹುಳಾ ನೋಡಾಕ ಬಂದೀದಿಯೋ, ಮಂದಿ ಹೊಲದಾಗಿನ ಹುಳಕ್ಕೆಲ್ಲಾ ನಮ್ಮ ಹೊಲಕ್ಕ ಊಟಕ್ಕ ಬರ್ರಿ ಅನ್ನಾಕ ಬಂದೀದಿಯೋ?” ಎಂದ.

ನನಗೂ ಅದೇ ಅನುಮಾನ ಬಂದಿತ್ತು. ಇಷ್ಟು ದಿನ ಪತಂಗ ಓದಿದ ಮಾಸ್ತರು ದೀಪ ಹುಳವನ್ನು ಕರೆಯುತ್ತದೆ ಎಂಬ ಮೊದಲನೆಯ ಪಾಠವನ್ನೇ ಮರೆತಿದ್ದರು. ಯಾರ ಹೊಲದ್ದು ಯಾವುದು ಎಂದು ಹುಳವನ್ನು ಕೇಳಲಿಕ್ಕಾಗುತ್ತದೆಯೇ? ಇವರು ಕೆಮ್ಮಿದರು. ಮಾತು ಮರೆಸಲು ಚಾದರದ ಹತ್ತಿರ ಬಾಗಿದರು. ಬಾಗಿದವರು ಹಾಗೇ ನಿಂತರು.

ನಾನು ಬ್ಯಾಟರಿ ಬಿಟ್ಟೆ. ಒಣ ಹುಲ್ಲಿನ ಬಣ್ಣ. ನಡುವೆ ಗೋಡಂಬಿ ಚುಕ್ಕೆ. ಅದು ಒಂದು ಸಲ ರೆಕ್ಕೆ ಅದುರಿಸಿತು, ಒಳಗಿನ ಬಿಳಿ ರೆಕ್ಕೆಗೆ ಅಗಲವಾದ ಕರಿ ದಡಿ. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು, ಮೇಲೆ ಇನ್ನೆರಡು. ಇನ್ನು ಮಾತೇ ಇರಲಿಲ್ಲ. ಅವರು ಕಲಿಸಿದ ಪಾಠ, ನಾನು ಕಲಿತ ಪಾಠ. ಎಣ್ಣಿ ಹೊಡೆಯುವುದೇ ಸರಿ.

“ಹೆಂಗಣ್ಣಾ? ಅದ ಏನು?” ಎಂದ ಮೈದುನ.

ನನ್ನವರು ತಮ್ಮನನ್ನು ನೋಡಿದರು. ಆಮೇಲೆ ತಾಯಿಯನ್ನು ನೋಡಿದರು. ಅತ್ತೆ ಚಾದರದ ಕಡೆ ನೋಡುತ್ತಲೇ ಇರಲಿಲ್ಲ. ಕಂಬಳಿಯಿಂದ ಮೋರೆ ಹೊರಗೆ ಹಾಕಿ, ಎಲ್ಲಿಯಾದರೂ ಒಂದು ಚುಕ್ಕೆ ಕಾಣುತ್ತದೆಯೇ ಎಂದು ಮುಗಿಲು ಹುಡುಕುತ್ತಿದ್ದರು.

“ಅಲ್ಲ” ಎಂದರು ನನ್ನವರು. “ಇದು ಅದರ ದಾಯಾದಿ. ಬಹಳ ಹೋಲಿಕೆಯಿದೆ, ಆದರೆ ಬೇರೆಯೇ ಪ್ರಭೇದ. ತಂಬಾಕು, ಮೆಣಸಿನಕಾಯಿಗಳನ್ನು ಮಾತ್ರ ತಿನ್ನುತ್ತದೆ. ಕಡಲೆಗೆ ಇದರಿಂದ ಯಾವ ಅಪಾಯವೂ ಇಲ್ಲ.”

ಅಂಥದೊಂದು ದಾಯಾದಿ ಇರುವುದು ನಿಜ. ಆದರೆ ಅಷ್ಟು ಶುದ್ಧವಾದ ಕನ್ನಡವನ್ನು ನಾನು ತರಗತಿಯಲ್ಲೂ ಕಲಿಸಿಲ್ಲ. ನನ್ನ ಕೈಯೊಳಗಿನ ಬ್ಯಾಟರಿ ಆರಿಸಿದೆ. ಮೈದುನ ಚಾದರದ ಕಡೆ ಒಮ್ಮೆ, ತಾಯಿಯ ಕಡೆ ಒಮ್ಮೆ ನೋಡಿ, “ನೀ ಅಂದ್ಮ್ಯಾಲ ಮುಗೀತು” ಎಂದ. ಅತ್ತೆ, “ಮತ್ತ ಎಣ್ಣಿ ಹೊಡಿಯಾಂಗಿಲ್ಲಾ?” ಎಂದು ಕೇಳಿದರು. ಕೇಳಿದ ದನಿ ಸಣ್ಣ ಹುಡುಗಿಯದಾಗಿತ್ತು.

ಮನೆಗೆ ಬಂದು ಹಾಸಿಗೆಯಲ್ಲಿ ನಾನು ಬಿಡಲಿಲ್ಲ. “ಏನ್ರಿ, ಗೋಡಂಬಿ ಚುಕ್ಕಿ ನನಗ ಕಾಣಲಿಲ್ಲಂತ ತಿಳದೀರೇನು?”

“ನನಗೆ ನಿದ್ರೆ ಬಂದಿದೆ.”

“ತಮ್ಮನ ಬೆಳಿ ಹ್ವಾದ್ರ?”

ಗೋಡೆಯ ಕಡೆ ಹೊರಳಿದರು. ಆಮೇಲೆ, “ತತ್ತಿ ಒಡದು ಮರಿ ಕಾಯಿಗೆ ಹತ್ತಾಕ ಒಂದೀಟು ವ್ಯಾಳ್ಯಾ ಐತಿ. ಅಷ್ಟರಾಗ ಈ ಹಾಳ ಮ್ವಾಡಾ ಬಿಡಲಿ. ಅವ್ವಗ ಒಂದ ಮುಂಜಾನಿ ಸಾಕು” ಎಂದರು. ಇದು ಖರೆ ಎಂದು ಭಾಷೆಯ ಮೇಲಿಂದಲೇ ಗೊತ್ತಾಯಿತು. ಆದ್ದರಿಂದ ನನಗೆ ಹೆಚ್ಚು ಭಯವಾಯಿತು.

ಮರುದಿನದಿಂದ ಅವರ ಅವತಾರ ನೋಡಬೇಕಿತ್ತು. ಸೂರ್ಯ ಮಾಳಿಗೆಗೆ ಬಂದರೂ ಏಳದ ಮನುಷ್ಯ ನಸುಕಿನಲ್ಲೇ ಹೊಲಕ್ಕೆ. ಕೈಯಲ್ಲಿ ಭೂತಗನ್ನಡಿ, ಒಂದು ಡಬ್ಬಿ, ಜೊತೆಗೆ ಮಕ್ಕಳಿಗೆ ಬಣ್ಣ ಹಚ್ಚಲು ಕಲಿಸುತ್ತಿದ್ದ ಹಳೆಯ ಬ್ರಶ್ಶು. ರವಿವಾರ ನಾನೂ ಹೋಗಿ ನೋಡಿದೆ. ಗಿಡಗಿಡಕ್ಕೂ ಮೊಳಕಾಲೂರಿ ಕೂತು, ಎಲೆ ಎತ್ತಿ, ದಾರದ ತುಂಡಿನಷ್ಟು ಇರುವ ಮರಿಗಳನ್ನು ಬ್ರಶ್ಶಿನಿಂದ ಗುಡಿಸಿ ಡಬ್ಬಿಗೆ ಹಾಕುತ್ತಿದ್ದಾರೆ. ಇಡೀ ಹೊಲವನ್ನು ಬ್ರಶ್ಶಿನಿಂದ ಉಳಿಸಲು ಹೊರಟ ಮಾಸ್ತರನನ್ನು ನಮ್ಮ ತಾಲೂಕು ಹಿಂದೆ ಕಂಡಿರಲಿಕ್ಕಿಲ್ಲ. ಕಡಲೆಯ ಹುಳಿಗೆ ಕೈಕಾಲು ಉರಿದು ಕೆಂಪಾಗಿದ್ದವು. ನಗಬೇಕೆಂದು ಹೋದವಳು ನಗಲಾರದೆ ಸೆರಗು ಕಟ್ಟಿ, ಪಕ್ಕದ ಸಾಲಿನಲ್ಲಿ ಕೂತೆ.

“ಬ್ರಶ್ ಇನ್ನೊಂದು ಐತೇನ್ರಿ?” ಎಂದೆ.

“ಸಣ್ಣ ನಂಬರಿಂದು ಐತಿ. ಕೂದಲ ಉದರಸಬ್ಯಾಡ, ಚಲೋ ಬ್ರಶ್ ಅದ” ಎಂದರು. ಆ ಗಳಿಗೆಯಲ್ಲೂ ಬ್ರಶ್ಶಿನ ಚಿಂತೆ.

ಮರಿಗಳು ದಿನದಿನಕ್ಕೂ ಬಲಿಯುತ್ತಿದ್ದವು. ಮುಗಿಲು ಮಾತ್ರ ಬಿಡಲಿಲ್ಲ. ರಾತ್ರಿ ಇವರು ಅರ್ಧ ರೊಟ್ಟಿಗೇ ತಾಟು ಬಿಟ್ಟು ಏಳುತ್ತಿದ್ದರು. ತಮ್ಮನಿಗೆ ಇವತ್ತು ಹೇಳಿಬಿಡುತ್ತೇನೆ, ನಾಳೆ ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ಹಿತ್ತಲ ಗೋಡೆಯ ತನಕ ಹೋಗಿ ತಿರುಗಿ ಬರುತ್ತಿದ್ದರು.

ಎಳ್ಳಮವಾಸ್ಯೆ ಇನ್ನೇನು ಬಂತೆನ್ನುವಾಗ ಒಂದು ರಾತ್ರಿ ನನಗೆ ಕಾಲು ತಣ್ಣಗಾಗಿ ಎಚ್ಚರವಾಯಿತು. ಚಳಿ! ಕಿಟಕಿ ತೆರೆದೆ. ಮುಗಿಲ ತುಂಬ ಚುಕ್ಕೆಗಳು. ಅತ್ತೆಯನ್ನು ಎಬ್ಬಿಸಲು ಹೋದರೆ ಅವರು ಆಗಲೇ ಸೀರೆ ಉಟ್ಟು, ಧೋತರ ಹೆಗಲಿಗೆ ಹಾಕಿಕೊಂಡು, ಭರಣಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಎದ್ದಿ? ಆ ಹುಳದ ಮಾಸ್ತರನ್ನೂ ಎಬ್ಬಸು” ಎಂದರು.

ಹೊಲದಲ್ಲಿ ಕಾಲಿಟ್ಟಲ್ಲೆಲ್ಲ ಇಬ್ಬನಿ. ಮೈದುನ ನಮಗಿಂತ ಮೊದಲೇ ಬಂದು ಬದುವಿನ ಮೇಲೆ ನಿಂತಿದ್ದ. ಧೋತರದ ಒಂದು ಕೊನೆ ಅತ್ತೆ ಹಿಡಿದರು, ಇನ್ನೊಂದು ನಾನು ಹಿಡಿದೆ. ಗಿಡಗಳ ಮೇಲೆ ಹಗುರಾಗಿ ಎಳೆಯುತ್ತ ಸಾಲು ಹಿಡಿದು ನಡೆದೆವು. ಅರಿವೆ ತೊಯ್ದು ಭಾರವಾಯಿತು. ನಿಂತು ಹಿಂಡಿದೆವು, ಮತ್ತೆ ಎಳೆದೆವು. ಅಂಗೈ ಉರಿಯುತ್ತಿತ್ತು. ಸೊಂಟ ಹಿಡಿದುಕೊಂಡು ಬಾಗುವ ಅತ್ತೆಗೆ, “ನಾ ಮಾಡ್ತೇನಿ, ನೀವು ಕುಂಡರ್‍ರಿ ಅತ್ತೀ” ಎಂದರೆ, “ಸುಮ್ಮನ ಹಿಡಿ, ನಿನಗ ಹಿಂಡಾಕ ಬರಾಂಗಿಲ್ಲ” ಎಂದು ಗದರಿದರು. ಬಿಸಿಲು ಬರುವ ಹೊತ್ತಿಗೆ ಭರಣಿ ತುಂಬಿತ್ತು. ಅತ್ತೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡರು. ಮೋರೆ ಕಿವುಚಿದರು. ಎಂಥ ಸಂತೋಷ ಇತ್ತು ಆ ಕಿವುಚಿದ ಮೋರೆಯಲ್ಲಿ!

“ಮುರಗೋಡಕ್ಕ ದೊಡ್ಡ ಬಾಟ್ಲಿ ಕಳಸಬೇಕು. ಏನೂ ಅನಬ್ಯಾಡ್ರಿ ಆಕಿಗೆ. ಬರೇ ದೊಡ್ಡ ಬಾಟ್ಲಿ” ಎಂದರು.

ಆಮೇಲೆ ಭರಣಿಯ ಬಾಯಿಗೆ ಅರಿವೆ ಕಟ್ಟುತ್ತ, ತಲೆ ಎತ್ತದೆ ಮಗನಿಗೆ ಹೇಳಿದರು: “ಹುಳಿ ಆತು. ಇನ್ನ ನಿನ್ನ ತಮ್ಮಗ ಆ ಹುಳದ ಖರೇ ಹೆಸರು ಹೇಳು.”

ನನ್ನವರ ಕೈಯಿಂದ ಬ್ರಶ್ಶು ಬಿತ್ತು. “ಯಾವ ಹುಳಾ ಯವ್ವಾ?”

“ಅವತ್ತ ಪುಸ್ತಕಾ ಓದಿದೆಲ್ಲಾ, ಆ ಹುಳಾ. ಸಣ್ಣಂವ ಇದ್ದಾಗ ಗಣಿತದಾಗ ಫೇಲಾಗಿ ಬಂದು ನೀ ಹಿಂಗ ಮಾತಾಡಿದ್ದಿ. ನನಗೇನು ತಿಳಿಯೂದಿಲ್ಲಾ?”

ನನ್ನವರು ತಮ್ಮನ ಕಡೆ ತಿರುಗಿದರು. ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಮೈದುನನೇ, “ಬಿಡಣ್ಣಾ. ಪಂಪ್ ತುಂಬಿ ಖೋಲ್ಯಾಗ ಇಟ್ಟೇನಿ, ಬಿಸಲಿಗೆ ಇಬ್ಬನಿ ಆರಿದ ಕೂಡಲೇ ಹೊಡಿತೇನಿ. ನಾನೂ ಆಕೀ ಮಗಾನ ಅಲ್ಲೇನು?” ಎಂದ. ಮತ್ತೆ, “ನೀ ಹಿಂಗ ಇನ್ನೊಂದೀಟು ದಿವಸ ಬ್ರಶ್ ಹಿಡದಿದ್ರ ಎಣ್ಣಿ ರೊಕ್ಕಾನೂ ಉಳೀತಿತ್ತು” ಎಂದು ಹಲ್ಲು ಕಿಸಿದ.

ಅತ್ತೆ ಎದ್ದರು. ಧೋತರವನ್ನು ಕೊನೆಯ ಸಲ ಜೋರಾಗಿ ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿದರು. ಮಗ ಕೊಟ್ಟ ಮೆಡಲು, ಆ ಕಂದು ಕಲೆ, ಮಡಿಕೆಯ ಮೇಲೆಯೇ ಬಂತು. ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ, ಧೋತರವನ್ನು ಮಗನ ಕೈಗೆ ಕೊಟ್ಟರು.

“ತಗೋ. ಒಗದು ಒಣಗಿಸಿ ರಾತ್ರಿ ಮಾಳಿಗಿ ಮ್ಯಾಲ ಕಟ್ಟು” ಎಂದರು. “ನಿಮ್ಮಪ್ಪಗ ಮನಿಗೆ ಮಂದಿ ಬಂದ್ರ ಭಾಳ ಸೇರ್ತಿತ್ತು.”

ನನ್ನವರು ಎರಡೂ ಕೈಯಲ್ಲಿ ಇಸಕೊಂಡರು. “ಕಟ್ತೇನಿ ಯವ್ವಾ” ಎಂದರು, ಪುಸ್ತಕದ ಮಾತಿನಲ್ಲಲ್ಲ, ಊರಿನ ಮಾತಿನಲ್ಲಿ.